ತಪ್ಪು ರಿಪೋರ್ಟಿನ ಬೆನ್ನು ಹತ್ತಿದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನನಗೆ ಮೂರು ದಿನ ತಡವಾಗಿ ಬಂತು. ನಮ್ಮ ಹಳೆಯ ಲ್ಯಾಬಿನವರದೊಂದು ವಾಟ್ಸಾಪ್ ಗುಂಪಿದೆ. ಹಬ್ಬಕ್ಕೊಂದು ದೀಪದ ಚಿತ್ರ, ಯಾರದಾದರೂ ಮಗುವಿನ ನಾಮಕರಣ, ಅಷ್ಟು ಬಿಟ್ಟರೆ ಅಲ್ಲಿ ಯಾರೂ ಮಾತಾಡುವುದಿಲ್ಲ. ಅದರಲ್ಲಿ ಯಾರೋ ಒಂದೇ ಸಾಲು ಹಾಕಿದ್ದರು. ಕೆಳಗೆ ಸಾಲಾಗಿ ಕೈಮುಗಿದ ಚಿಹ್ನೆಗಳು. ನಾನೂ ಒತ್ತಲೆಂದು ಬೆರಳು ಇಟ್ಟೆ, ಒತ್ತಲಾಗಲಿಲ್ಲ. ಆ ಹೆಂಗಸಿಗೆ ಒಂದು ಚಿಹ್ನೆ ಒತ್ತಿ ಮುಂದಕ್ಕೆ ಹೋಗಲು ನನಗೆ ಮನಸ್ಸು ಬರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿನಲ್ಲಿ ನಮಗೆಲ್ಲ ಅವರು ಬರೀ ಮೇಡಂ. ಗಾಂಧಿ ಬಜಾರಿನ ಸುತ್ತಮುತ್ತಲ ಮನೆಗಳಲ್ಲಿ "ನೋವಾಗದ ಹಾಗೆ ರಕ್ತ ತೆಗೆಯೋ ಅಮ್ಮ". ಕುಳ್ಳಗೆ, ತೆಳ್ಳಗೆ ಇದ್ದರು. ಕಾಟನ್ ಸೀರೆಯ ಮೇಲೆ ಒಂದು ಅಳತೆ ದೊಡ್ಡದಾದ ಬಿಳಿ ಕೋಟು. ತೋಳನ್ನು ಎರಡು ಮಡಿಕೆ ಮಡಚಿ ಹಾಕಿಕೊಳ್ಳುತ್ತಿದ್ದರು. ಸೂಜಿ ಚುಚ್ಚುವ ಮುಂಚೆ ರೋಗಿಯ ಮೊಣಕೈ ಒಳಭಾಗವನ್ನು ಎರಡು ಬೆರಳಿನಿಂದ ತಡವಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ನರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಕಾಣುತ್ತದೆ ಎನ್ನುತ್ತಿದ್ದರು. ರಕ್ತ ತೆಗೆದ ಮೇಲೆ ಹತ್ತಿಯನ್ನು ರೋಗಿಯ ಕೈಗೆ ಕೊಟ್ಟು "ಒತ್ಕೊಳಿ" ಎಂದು ಕಳಿಸುತ್ತಿರಲಿಲ್ಲ. ತಾವೇ ಹೆಬ್ಬೆರಳಿಟ್ಟು ಒತ್ತಿ ಹಿಡಿದು, ಬಾಯೊಳಗೇ ಇಪ್ಪತ್ತರವರೆಗೆ ಎಣಿಸುತ್ತಿದ್ದರು.

ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಸೇರಿದ ಮೊದಲ ದಿನವೇ ಬೈಸಿಕೊಂಡೆ. ಟ್ಯೂಬುಗಳನ್ನು ಕೈತುಂಬ ಹಿಡಿದು ಬರುತ್ತಿದ್ದೆ. ಅಡ್ಡ ನಿಂತರು.

"ಇದೇನಮ್ಮ?"

"ಸ್ಯಾಂಪಲ್ ಮೇಡಂ."

"ಯಾರು?"

ನಾನು ಲೇಬಲ್ಲಿನ ನಂಬರ್ ಓದಿದೆ.

"ನಂಬರ್ ಕೇಳ್ಲಿಲ್ಲ ನಾನು. ಹೆಸರು ಓದು."

ಓದಿದೆ. ಯಾರೋ ಅರವತ್ತೆಂಟು ವರ್ಷದ ಹೆಂಗಸು.

"ಅವರೀಗ ಹೊರಗಡೆ ಬೆಂಚ್ ಮೇಲಿಲ್ಲ, ಇದರೊಳಗೆ ಕೂತಿದಾರೆ. ಜಾರಿಸಿದ್ರೆ ಅವರನ್ನೇ ಬೀಳಿಸ್ದಂಗೆ. ಸ್ಟ್ಯಾಂಡ್‌ನಲ್ಲಿಟ್ಟು ತಗೊಂಬಾ."

ಎಲ್ಲರಿಗೂ ಪ್ರಿಯರಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ನಾಲಿಗೆ ಹರಿತ. ಎಲ್ಲರ ಎದುರಿಗೇ ಬೈಯುತ್ತಿದ್ದರು. ತಮ್ಮ ಮೈಕ್ರೋಸ್ಕೋಪನ್ನು ಬೇರೆಯವರು ಮುಟ್ಟಿದರೆ ಸಹಿಸುತ್ತಿರಲಿಲ್ಲ. ಹೊಸದಾಗಿ ಬಂದ ಒಬ್ಬ ಹುಡುಗಿ ಮಾಡಿದ ಸ್ಲೈಡನ್ನು "ಇದು ಸ್ಲೈಡಲ್ಲ, ಗೋಡೆಗೆ ಬಳಿಯೋ ಸುಣ್ಣ" ಎಂದು ಕಸದ ಡಬ್ಬಕ್ಕೆ ಹಾಕಿದರು. ಆಕೆ ಬಾತ್‌ರೂಮಿಗೆ ಹೋಗಿ ಅತ್ತು, ವಾರದೊಳಗೆ ಕೆಲಸ ಬಿಟ್ಟಳು. ಮೇಡಂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಅವರ ತಪ್ಪೇ ಎಂದು ಇವತ್ತೂ ನನ್ನ ಅಭಿಪ್ರಾಯ. ಯಾರನ್ನೂ ಹೊಗಳುತ್ತಿರಲಿಲ್ಲ. ಕೆಲಸ ಚೆನ್ನಾಗಿದ್ದರೆ "ಹೂಂ" ಎನ್ನುತ್ತಿದ್ದರು. ಆ ಹೂಂ ಗಿಟ್ಟಿಸಲು ನನಗೆ ಏಳು ತಿಂಗಳು ಹಿಡಿಯಿತು.

ಲ್ಯಾಬನ್ನು ಕಟ್ಟಿದವರು ಒಬ್ಬ ಹಿರಿಯ ಡಾಕ್ಟರು. ಅವರಿದ್ದ ಕಾಲವನ್ನು ನಾನು ಕೊನೆಯ ಒಂದು ವರ್ಷ ಮಾತ್ರ ನೋಡಿದೆ. ಬೆಳಿಗ್ಗೆ ಬಂದವರೇ ಒಂದೊಂದು ಟೇಬಲ್ಲಿನ ಮುಂದೆ ನಿಂತು "ಏನಿದೆ ಇವತ್ತು?" ಎಂದು ಕೇಳುತ್ತಿದ್ದರು. ಅನುಮಾನ ಬಂದ ಸ್ಲೈಡನ್ನು ಮೇಡಂ ತೆಗೆದಿಟ್ಟಿರುತ್ತಿದ್ದರು. ಇಬ್ಬರೂ ಸರದಿಯಲ್ಲಿ ನೋಡಿ ವಾದ ಮಾಡುತ್ತಿದ್ದರು. ಕೆಲವು ಸಲ ಡಾಕ್ಟರೇ ಸೋಲುತ್ತಿದ್ದರು.

ಅವರು ತೀರಿಕೊಂಡ ಮೇಲೆ ಲ್ಯಾಬು ಮಗನ ಕೈಗೆ ಬಂತು. ಮಗ ಕೆಟ್ಟವನೇನಲ್ಲ ಎಂದು ನಾವು ಮೊದಮೊದಲು ಅಂದುಕೊಂಡೆವು. ನಗುನಗುತ್ತ ಮಾತಾಡುತ್ತಿದ್ದರು. ಆದರೆ ಅವರಿಗೆ ಲ್ಯಾಬಿನಲ್ಲಿ ಏನು ನಡೆಯುತ್ತದೆ ಎಂಬುದು ತಿಳಿದಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ಮೇಲಿನ ಮಹಡಿಯಲ್ಲಿ ಗಾಜಿನ ಕೋಣೆ ಕಟ್ಟಿಸಿಕೊಂಡು ಕೂತರು. ಮೂರು ವರ್ಷದಲ್ಲಿ ನಾಲ್ಕು ಮ್ಯಾನೇಜರುಗಳು ಬಂದರು. ಮೊದಲನೆಯವರು ಹೋಟೆಲಿನಿಂದ, ಎರಡನೆಯವರು ಮೊಬೈಲ್ ಅಂಗಡಿಯಿಂದ. ಪ್ರತಿಯೊಬ್ಬರೂ ಹಿಂದಿನವರ ನಿಯಮವನ್ನೆಲ್ಲ ಅಳಿಸಿ ತಮ್ಮದನ್ನು ಬರೆದರು. ಒಬ್ಬರು ನೀಲಿ ಕೋಟು ಎಂದರು, ಮುಂದಿನವರು ಹಸಿರು. ಬಾಗಿಲ ಮೇಲಿನ ಬೋರ್ಡು ಎರಡು ಸಲ ಬದಲಾಯಿತು. ಬೆಳಿಗ್ಗೆ ಬಂದರೆ ನಿನ್ನೆ ಪಕ್ಕದಲ್ಲಿದ್ದವರ ಲಾಕರ್ ಖಾಲಿ ಇರುತ್ತಿತ್ತು, ಯಾಕೆ ಎಂದು ಯಾರೂ ಹೇಳುತ್ತಿರಲಿಲ್ಲ. ಹದಿನಾಲ್ಕು ಟೆಕ್ನೀಷಿಯನ್‌ಗಳಿದ್ದವರು ಐದಾದೆವು. ಕೆಲಸ ಮಾತ್ರ ಹೆಚ್ಚುತ್ತಲೇ ಹೋಯಿತು.

ಗೋಡೆಯ ಮೇಲೆ "ತಿಂಗಳ ತಾರೆ" ಎಂದು ಫೋಟೋ ಹಾಕುವ ಪದ್ಧತಿ ಬಂತು. ಅದು ಪ್ರತಿ ತಿಂಗಳೂ ಕೌಂಟರಿನಲ್ಲಿ ಹೆಚ್ಚು ಹೆಲ್ತ್ ಪ್ಯಾಕೇಜ್ ಮಾರಿದವರಿಗೆ. ಒಳಗೆ ಟೆಸ್ಟ್ ಮಾಡುವವರ ಮುಖ ಆ ಗೋಡೆಗೆ ಒಮ್ಮೆಯೂ ಏರಲಿಲ್ಲ.

ಒಂದು ಸೋಮವಾರ ನಮ್ಮ ಸ್ಟೂಲುಗಳೆಲ್ಲ ಮಾಯವಾಗಿದ್ದವು. ಕ್ಯಾಮೆರಾದಲ್ಲಿ ನೋಡಿದರೆ ನಾವೆಲ್ಲ ಕೂತೇ ಇರುತ್ತೇವಂತೆ, ಮಾಲೀಕರಿಗೆ ಅದು ಸರಿ ಕಾಣಲಿಲ್ಲವಂತೆ. ಮೇಡಂ ಕಾಲಿನ ನರಗಳು ಉಬ್ಬಿಕೊಂಡಿದ್ದವು, ಗಟ್ಟಿ ಕಾಲುಚೀಲ ಹಾಕುತ್ತಿದ್ದರು. ಎರಡು ವಾರ ನಿಂತೇ ಮೈಕ್ರೋಸ್ಕೋಪ್ ನೋಡಿದರು. ಮೂರನೆಯ ವಾರ ಮನೆಯಿಂದ ಮಡಚುವ ಕುರ್ಚಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಮ್ಯಾನೇಜರ್ ಓಡಿ ಬಂದ.

"ಮೇಡಂ, ಇದು ಪಾಲಿಸಿಗೆ ವಿರುದ್ಧ."

"ಲ್ಯಾಬಿನ ಸ್ಟೂಲಿಗೆ ತಾನೇ ಪಾಲಿಸಿ? ಇದು ನಮ್ಮನೆ ಕುರ್ಚಿ."

"ಸರ್ ನೋಡಿದ್ರೆ ಏನಂತಾರೆ?"

"ನೋಡ್ಲಿ. ನೂರು ಸ್ಲೈಡು ನಿಂತ್ಕೊಂಡು ನೋಡಿ ತೋರಿಸ್ಲಿ, ಅವತ್ತೇ ಕುರ್ಚಿ ವಾಪಸ್ ತಗೊಂಡ್ಹೋಗ್ತೀನಿ."

ಕುರ್ಚಿ ಉಳಿಯಿತು. ಆದರೆ ಅವತ್ತಿನಿಂದ ಮೇಲಿನ ಕೋಣೆಯಲ್ಲಿ ಅವರ ಹೆಸರಿನ ಮುಂದೆ ಒಂದು ಗೆರೆ ಬಿತ್ತು ಎಂದು ನಮಗೆಲ್ಲ ಗೊತ್ತಾಯಿತು.

ಬೇರೆ ಕಡೆ ಹೋಗಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ಅವರ ಗಂಡನಿಗೆ ಪಾರ್ಶ್ವವಾಯುವಾಗಿ ಬಲಗೈ ಆಡುತ್ತಿರಲಿಲ್ಲ. ಮನೆ ಹನುಮಂತನಗರದಲ್ಲಿ. ಮಧ್ಯಾಹ್ನ ಹೋಗಿ ಊಟ ಮಾಡಿಸಿ ಬರಬೇಕಿತ್ತು; ಊಟದ ಬಿಡುವನ್ನು ಅರ್ಧ ಗಂಟೆಗೆ ಇಳಿಸಿದ ಮೇಲೆ ಓಡಿಕೊಂಡು ಹೋಗಿ ಓಡಿಕೊಂಡು ಬರುತ್ತಿದ್ದರು. ಆದರೆ ನನಗೆ ಅದನ್ನು ಕಾರಣವಾಗಿ ಹೇಳಲಿಲ್ಲ. "ಎಲ್ಲಿಗೆ ಹೋದ್ರೂ ಮೇಲ್ಗಡೆ ಒಬ್ಬ ಇರ್ತಾನೆ ಬಿಡು. ನಾನೇನು ಅವನಿಗೆ ಟೆಸ್ಟ್ ಮಾಡ್ತೀನಾ?" ಎಂದರು.

ಆ ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳದೆ ಮೇಡಂ ಬಗ್ಗೆ ಬರೆಯುವುದರಲ್ಲಿ ಅರ್ಥವಿಲ್ಲ.

ರಕ್ತ ಪರೀಕ್ಷೆ ಮಾಡುವ ಯಂತ್ರವನ್ನು ದಿನವೂ ಬೆಳಿಗ್ಗೆ ಮೊದಲು ಪರೀಕ್ಷೆ ಮಾಡಬೇಕು. ಉತ್ತರ ಮೊದಲೇ ಗೊತ್ತಿರುವ ಒಂದು ದ್ರವ ಬರುತ್ತದೆ, ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಯಂತ್ರ ಅದನ್ನು ಸರಿಯಾಗಿ ಓದಿದರೆ ಮಾತ್ರ ಜನರ ರಕ್ತ ಒಳಗೆ ಹೋಗಬೇಕು. ನಾಲ್ಕನೆಯ ಮ್ಯಾನೇಜರ್ ಬಂದವನೇ ಖರ್ಚು ಉಳಿಸಲು, ಕಂಟ್ರೋಲ್ ವಾರಕ್ಕೊಂದು ಸಲ, ಸೋಮವಾರ ಮಾತ್ರ ಸಾಕು ಎಂದು ಹೇಳಿಬಿಟ್ಟಿದ್ದ. ಪರೀಕ್ಷೆಯಾದ ರಕ್ತವನ್ನು ಒಂದು ವಾರ ಇಡುವ ರೂಢಿಯನ್ನೂ ನಿಲ್ಲಿಸಿದ್ದ. ಜಾಗ ಸಾಲದು, ಅದೇ ಸಂಜೆ ಎಸೆಯಿರಿ. ಮೇಡಂ ಎರಡಕ್ಕೂ ಒಪ್ಪದೆ ಪತ್ರ ಬರೆದು ಕೊಟ್ಟರು. ಉತ್ತರ ಬರಲಿಲ್ಲ.

ಆ ವಾರ ಬಾಗಿಲಿಗೆ ದೀಪದ ಬೋರ್ಡು ಹಾಕಿಸಿದರು. ಎಲೆಕ್ಟ್ರಿಷಿಯನ್ ಬೋರ್ಡಿಗೆ ಬ್ಯಾಟರಿಯ ಲೈನ್ ಕೊಟ್ಟು, ಪರೀಕ್ಷೆಗೆ ಬಳಸುವ ರಾಸಾಯನಿಕಗಳನ್ನು ಇಡುವ ಫ್ರಿಜ್ಜನ್ನು ಸಾದಾ ಲೈನಿಗೆ ಹಾಕಿದ. ಯಾರಿಗೂ ಹೇಳಲಿಲ್ಲ. ಮಂಗಳವಾರ ಬಹಳ ಹೊತ್ತು ಕರೆಂಟ್ ಹೋಗಿತ್ತು. ಬೋರ್ಡು ಮಾತ್ರ ಉರಿಯುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಯಂತ್ರದ ಮುಂದೆ ನಾನಿದ್ದೆ. ಮೇಡಂ ರಿಪೋರ್ಟುಗಳಿಗೆ ಸಹಿ ಹಾಕುತ್ತಿದ್ದವರು ಒಂದನ್ನು ಹಿಡಿದು ನಿಂತುಬಿಟ್ಟರು. ಹತ್ತು ವರ್ಷದಿಂದ ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಮುದುಕರದು. ಕ್ರಿಯಾಟಿನಿನ್ ಎಂಬ ಪರೀಕ್ಷೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ಹೇಳುವುದು. ಸಂಖ್ಯೆ ಏರಿದಷ್ಟೂ ಕಿಡ್ನಿ ಸೋಲುತ್ತಿದೆ ಎಂದರ್ಥ. ಅವರದು ಸದಾ ಏರಿಯೇ ಇರುತ್ತಿತ್ತು. ಅವತ್ತು ಇಪ್ಪತ್ತರ ಹುಡುಗನ ಹಾಗೆ ಬಂದಿತ್ತು.

"ಇವರ ಕಿಡ್ನಿ ವಾಸಿಯಾಗಲ್ಲ," ಎಂದರು ಮೇಡಂ ಮೆಲ್ಲಗೆ. "ಕಂಟ್ರೋಲ್ ಹಾಕು."

ಹಾಕಿದೆ. ಇಬ್ಬರೂ ಪರದೆ ನೋಡುತ್ತ ನಿಂತೆವು. ಬರಬೇಕಾದ್ದರ ಅರ್ಧವೂ ಬರಲಿಲ್ಲ. ಹಿಂದಿನ ದಿನ ಬಂದಿದ್ದ ರಾಸಾಯನಿಕದ ಹೊಸ ಬಾಟಲಿ ತೆಗೆದು ಮತ್ತೆ ಹಾಕಿದೆವು. ಸರಿಯಾಗಿ ಬಂತು. ಅಂದರೆ ಹಳೆಯ ಬಾಟಲಿ ಮಂಗಳವಾರ ಫ್ರಿಜ್ಜು ನಿಂತಾಗ ಕೆಟ್ಟಿತ್ತು. ಬುಧವಾರದಿಂದ ಹೊರಗೆ ಹೋದ ಕಿಡ್ನಿ ರಿಪೋರ್ಟುಗಳನ್ನು ಯಾವುದನ್ನೂ ನಂಬುವ ಹಾಗಿರಲಿಲ್ಲ. ಮೇಡಂ ರಿಜಿಸ್ಟರ್ ಎಳೆದುಕೊಂಡು ಒಂದೊಂದೇ ಹೆಸರು, ಫೋನು, ವಿಳಾಸ ಬರೆದುಕೊಂಡರು. ನಲವತ್ತೊಂದು ಜನ. ಅವರ ರಕ್ತ ಆಗಲೇ ಕಸಕ್ಕೆ ಹೋಗಿತ್ತು.

ಮೇಲಿನ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ಮಾಲೀಕರು, ಮ್ಯಾನೇಜರ್ ಇಬ್ಬರೂ ಇದ್ದರು.

"ನಲವತ್ತೊಂದೂ ತಪ್ಪಾ?" ಎಂದು ಮಾಲೀಕರು ಕೇಳಿದರು.

"ಗೊತ್ತಿಲ್ಲ ಸರ್. ಕೆಲವು ಸರಿ ಇರ್ಬೋದು. ಯಾವುದು ಅಂತ ಗೊತ್ತಿಲ್ಲ. ಎಲ್ಲರನ್ನೂ ಕರೆಸಿ ಮತ್ತೆ ಮಾಡ್ಬೇಕು."

"ಗೊತ್ತಿಲ್ಲ ಅಂದ್ಮೇಲೆ ಯಾಕೆ ಗಾಬರಿ ಮಾಡ್ತೀರಾ? ಮುಂದಿನ ಸಲ ಬಂದಾಗ ಸರಿ ಹೋಗುತ್ತೆ. ಹೊಸ ಬಾಟಲಿ ಇದೆಯಲ್ಲ."

"ಮುಂದಿನ ಸಲ ಅಂದ್ರೆ ಮೂರು ತಿಂಗಳು. ಅಷ್ಟರಲ್ಲಿ ಡಾಕ್ಟ್ರು ಮಾತ್ರೆ ಬದಲಾಯಿಸಿರ್ತಾರೆ. ಆಪರೇಷನ್‌ಗೆ ಒಪ್ಪಿರ್ತಾರೆ. ನಮ್ಮ ಕಾಗದ ನೋಡ್ಕೊಂಡು."

"ಮೇಡಂ, ನಲವತ್ತು ಮನೆಗೆ ಫೋನ್ ಮಾಡಿ ನಮ್ಮ ರಿಪೋರ್ಟ್ ತಪ್ಪು ಅಂತ ನಾವೇ ಹೇಳಿದ್ರೆ ನಾಳೆಯಿಂದ ಬಾಗಿಲು ಹಾಕ್ಬೇಕು. ಅಪ್ಪ ಕಟ್ಟಿದ ಹೆಸರು ಇದು."

"ಅವರಿದ್ದಿದ್ರೆ ಇಷ್ಟೊತ್ತಿಗೆ ಅವರೇ ಫೋನ್ ಹಿಡ್ಕೊಂಡಿರ್ತಿದ್ರು."

ಮಾಲೀಕರ ಮುಖ ಕೆಂಪಾಯಿತು. ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ಕಂಟ್ರೋಲ್ ತಪ್ಪು ಬಂದಿದ್ದನ್ನ ನೋಡಿದ್ದು ಇವರೊಬ್ರೇ ಸರ್. ವಯಸ್ಸಾಗಿದೆ. ಸರಿಯಾಗಿ ಹಾಕಿದ್ರೋ ಇಲ್ವೋ." ನನ್ನ ಕಡೆ ತಿರುಗಿದ. "ಯಂತ್ರದ ಹತ್ರ ನೀನಿದ್ದೆಯಲ್ಲಮ್ಮ. ನೀನು ನೋಡಿದ್ಯಾ?"

ನನ್ನ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹಿಂದಿನ ವಾರವಷ್ಟೇ ಇಬ್ಬರ ಲಾಕರ್ ಖಾಲಿಯಾಗಿತ್ತು. ಇವೆಲ್ಲ ನಿಜ, ಆದರೂ ನೆಪಗಳೇ. "ನಾನು ಸ್ಯಾಂಪಲ್ ಜೋಡಿಸ್ತಿದ್ದೆ ಸರ್. ಸರಿಯಾಗಿ ನೋಡ್ಲಿಲ್ಲ," ಎಂದೆ.

ಮೇಡಂ ನನ್ನತ್ತ ತಿರುಗಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ಮಡಚಿಕೊಂಡು ಕೆಳಗಿಳಿದರು. ಕೌಂಟರಿನ ಫೋನೆತ್ತಿ ಒಂದೊಂದೇ ಮನೆಗೆ ಕರೆ ಮಾಡತೊಡಗಿದರು. ಆರನೆಯ ಕರೆಯ ಹೊತ್ತಿಗೆ ಮ್ಯಾನೇಜರ್ ಬಂದು ಫೋನಿನ ವೈರ್ ಕಿತ್ತ. ಮೇಡಂ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, "ಅರ್ಧ ದಿನ ರಜಾ ಬರ್ಕೊಳಿ" ಎಂದು ಹೇಳಿ ಹೊರಟುಹೋದರು.

ಎರಡು ಗಂಟೆಗೆ ನನ್ನ ಡ್ಯೂಟಿ ಮುಗಿಯಿತು. ಗೇಟಿನ ಹೊರಗೆ ಬರುವಷ್ಟರಲ್ಲಿ ಮೊಬೈಲಿಗೆ ಅವರ ಕರೆ ಬಂತು.

"ಮುಗೀತಾ? ಚಾಮರಾಜಪೇಟೆಗೆ ಬಾ. ದಾರಿಲಿ ಮೆಡಿಕಲ್ ಸ್ಟೋರಲ್ಲಿ ಇನ್ನೊಂದಷ್ಟು ಸಿರಿಂಜು, ಟ್ಯೂಬು ತಗೊಂಡು ಬಾ. ಲ್ಯಾಬಿಂದು ಒಂದೂ ಮುಟ್ಬೇಡ. ಹೆದರಿಕೆ ಇದ್ರೆ ಬರ್ಬೇಡ."

ಬೆಳಿಗ್ಗೆಯ ಮಾತಿನ ಸುದ್ದಿಯೇ ಇಲ್ಲ. ಹೋದೆ. ಚಾಮರಾಜಪೇಟೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳಿದ್ದಳು. ನಾವು ತಂದ ರಕ್ತವನ್ನೆಲ್ಲ ಪರೀಕ್ಷೆ ಮಾಡಿಕೊಡಲು ಆಕೆ ಒಪ್ಪಿದ್ದಳು. ಮೇಡಂ ಅಷ್ಟರಲ್ಲಿ ಗವಿಪುರ, ಬಸವನಗುಡಿ ಸುತ್ತಿ ಎಂಟು ಮನೆ ಮುಗಿಸಿದ್ದರು. ಕಾಲು ಊದಿತ್ತು. ಒಂಬತ್ತನೆಯ ಮನೆಯಲ್ಲಿ ಒಬ್ಬಾಕೆ ಬಾಗಿಲಲ್ಲೇ ನಿಂತು ಕೂಗಾಡಿದರು. "ತಪ್ಪು ರಿಪೋರ್ಟ್ ಕೊಟ್ಟು ಮತ್ತೆ ಚುಚ್ಚೋಕೆ ಬಂದಿದೀರಾ? ನಾಚಿಕೆ ಆಗಲ್ವಾ ನಿಮಗೆ?"

ಮೇಡಂ ಪೂರ್ತಿ ಕೇಳಿಸಿಕೊಂಡರು. "ನೀವು ಬೈಯೋದು ಸರಿಯಾಗಿದೆ," ಎಂದರು. "ಬೈದು ಮುಗಿದ್ಮೇಲೆ ತೋಳು ಕೊಡಿ." ಆಕೆ ಬಾಗಿಲು ಬಿಟ್ಟು ಸರಿದು, ಒಳಗೆ ಕರೆದರು.

ಪಟ್ಟಿಯಲ್ಲಿ ಮುಂದಿನವರು ಕಾಫಿಪುಡಿ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರು. ಬೆಳಗಿನಿಂದ ಫೋನ್ ಎತ್ತಿರಲಿಲ್ಲ. ಮನೆಗೆ ಹೋದರೆ ಸೊಸೆ ಬಾಗಿಲು ತೆಗೆದಳು.

"ಮಾವ ಸ್ಕ್ಯಾನಿಂಗ್‌ಗೆ ಹೋದ್ರು. ಹೊಟ್ಟೆದು. ನಾದಿನಿ ಕರ್ಕೊಂಡ್ಹೋಗಿದಾರೆ. ಮೂರು ಗಂಟೆಗೆ ಟೈಮ್ ಕೊಟ್ಟಿದ್ರು."

"ಬಣ್ಣದ ಇಂಜೆಕ್ಷನ್ ಕೊಡ್ತಾರೆ ಅಂದ್ರಾ?"

"ಹೂಂ. ಅದಕ್ಕೇ ಮೊದ್ಲು ಕಿಡ್ನಿ ಟೆಸ್ಟ್ ಮಾಡ್ಸಿ ಅಂದಿದ್ರು. ನಿಮ್ಮಲ್ಲೇ ಮಾಡಿಸಿದ್ವಿ, ನಾರ್ಮಲ್ ಬಂತಲ್ಲ."

ಮೇಡಂ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದು ಸಲ. ಸೋತ ಕಿಡ್ನಿಗೆ ಆ ಇಂಜೆಕ್ಷನ್ ಬಿದ್ದರೆ ಇರುವ ಚೂರುಪಾರು ಶಕ್ತಿಯೂ ಹೋಗಿಬಿಡಬಹುದು. ಸೊಸೆ ನಾದಿನಿಗೆ ಫೋನ್ ಮಾಡಿದಳು. ಅದು ರಿಂಗ್ ಆಗುತ್ತಲೇ ಇತ್ತು. ಸ್ಕ್ಯಾನಿಂಗ್ ಸೆಂಟರಿನ ಹೆಸರು ಕೇಳಿಕೊಂಡು ಆಟೋ ಹತ್ತಿದೆವು. ನಾನು ಆ ಸೆಂಟರಿನ ನಂಬರ್ ಹುಡುಕಿ ಹುಡುಕಿ ಒತ್ತಿದೆ. "ನಿಮ್ಮ ಕರೆ ನಮಗೆ ಮುಖ್ಯ" ಎಂದು ಒಂದು ಧ್ವನಿ ಹೇಳುತ್ತಲೇ ಇತ್ತು. ಮಕ್ಕಳ ಕೂಟದ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಮೇಡಂ ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ಸೆಂಟರಿನ ಕೌಂಟರಿನಲ್ಲಿದ್ದಾಕೆ, "ಪೇಷೆಂಟ್ ಒಳಗೆ ಹೋಗಿದಾರೆ, ಕೂತ್ಕೊಳಿ ಆಂಟಿ" ಎಂದಳು. ಮೇಡಂ ಕೂತುಕೊಳ್ಳಲಿಲ್ಲ. ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದರೂ ನುಸುಳಿ ಒಳಗಿನ ಬಾಗಿಲು ತಳ್ಳಿದರು. ಕಾಫಿಪುಡಿ ಅಂಗಡಿಯವರು ನೀಲಿ ಗೌನು ತೊಟ್ಟು ಮಂಚದ ಮೇಲೆ ಮಲಗಿದ್ದರು. ಕೈಗೆ ಸೂಜಿ ಹಾಕಿ ಆಗಿತ್ತು. ಔಷಧ ಇನ್ನೂ ಹೋಗಿರಲಿಲ್ಲ.

"ನಿಲ್ಲಿಸಿ," ಎಂದರು ಮೇಡಂ. "ಇವರ ಕ್ರಿಯಾಟಿನಿನ್ ರಿಪೋರ್ಟ್ ತಪ್ಪು. ಅದಕ್ಕೆ ಸಹಿ ಹಾಕಿದವಳು ನಾನೇ."

ಅಲ್ಲಿದ್ದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಮೊದಲು ಸಿಡುಕಿದರು, ಆಮೇಲೆ ಕೇಳಿಸಿಕೊಂಡರು. ಅಲ್ಲೇ ರಕ್ತ ತೆಗೆಸಿ ಪರೀಕ್ಷೆ ಮಾಡಿಸಿದರು. ಮುಕ್ಕಾಲು ಗಂಟೆಯ ಮೇಲೆ ಉತ್ತರ ಬಂತು. ನಾವು ಕೊಟ್ಟಿದ್ದರ ಮೂರು ಪಟ್ಟು. ಡಾಕ್ಟರು ಆ ಕಾಗದವನ್ನು ನೋಡಿ, ಮೇಡಂ ಮುಖ ನೋಡಿ, ಎದ್ದು ಕುರ್ಚಿ ಕೊಟ್ಟರು. ಅಂಗಡಿಯವರ ಮಗಳು ಏನಾಯಿತೆಂದು ಅರ್ಥವಾಗುತ್ತಲೇ ಮೇಡಂ ಕೈ ಹಿಡಿದುಕೊಂಡು ಅಳತೊಡಗಿದಳು. "ಅಳ್ಬೇಡಮ್ಮ, ತಪ್ಪು ನಮ್ಮದು," ಎಂದರು ಮೇಡಂ. ಹೊರಗೆ ಬಂದ ಮೇಲೆ ಪಟ್ಟಿ ತೆಗೆದು ಆ ಹೆಸರಿನ ಪಕ್ಕ ಒಂದು ಗುರುತು ಹಾಕಿ, "ಮುಂದೆ ಯಾರು ನೋಡು," ಎಂದರು.

ಮುಗಿಸಲು ಮೂರು ದಿನ ಬೇಕಾಯಿತು. ಮತ್ತೆ ಪರೀಕ್ಷೆಯಾದ ನಲವತ್ತರಲ್ಲಿ ಒಂಬತ್ತು ಅಪಾಯವಾಗುವಷ್ಟು ತಪ್ಪಿದ್ದವು. ಒಬ್ಬರು ಮಾತ್ರ ಸಿಗಲೇ ಇಲ್ಲ. ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆ, ವಿಳಾಸದಲ್ಲಿ ಬರೀ ಶ್ರೀನಗರ ಎಂದಿತ್ತು. ಶ್ರೀನಗರದ ಔಷಧದ ಅಂಗಡಿಗಳಲ್ಲೆಲ್ಲ ಆ ಹೆಸರು ಹೇಳಿ ವಿಚಾರಿಸಿಕೊಂಡು ಬಂದರು ಮೇಡಂ.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಅವರಿಗೆ ಪತ್ರ ಕೊಟ್ಟ. ಅನುಮತಿಯಿಲ್ಲದೆ ಗ್ರಾಹಕರನ್ನು ಸಂಪರ್ಕಿಸಿ ಸಂಸ್ಥೆಯ ಹೆಸರಿಗೆ ಧಕ್ಕೆ ತಂದದ್ದಕ್ಕಾಗಿ ಇವತ್ತಿನಿಂದಲೇ ಕೆಲಸದಿಂದ ತೆಗೆಯಲಾಗಿದೆ. ಇಪ್ಪತ್ತೇಳು ವರ್ಷದಲ್ಲಿ ಆ ಲ್ಯಾಬು ಅವರ ಕೆಲಸದ ಬಗ್ಗೆ ಬರೆದುಕೊಟ್ಟ ಒಂದೇ ಒಂದು ಕಾಗದ ಅದು. ಎಲ್ಲರೂ ನೋಡುತ್ತಿದ್ದ ಹಾಗೆಯೇ ನಿಂತು ಓದಿದರು.

"ಬೆಳಗಿನ ಸ್ಲೈಡು ಹನ್ನೆರಡಿದೆ. ನೋಡಿ ಮುಗಿಸಿ ಹೋಗ್ಲಾ?" ಎಂದು ಕೇಳಿದರು.

"ಬೇಡ," ಎಂದ ಮ್ಯಾನೇಜರ್.

ಮೇಡಂ ಸಿಂಕಿನಲ್ಲಿ ಕೈ ತೊಳೆದುಕೊಂಡರು. ನಿಧಾನವಾಗಿ, ಬೆರಳ ಸಂದಿ ಸಂದಿ ಉಜ್ಜಿ, ದಿನವೂ ತೊಳೆಯುವ ಹಾಗೆಯೇ. ಕೈ ಒರೆಸಿಕೊಂಡು ಹೊರಟರು. ನಾವು ಐದು ಜನರಿದ್ದವರು ಈಗ ನಾಲ್ಕಾಗಿ ನಿಂತಿದ್ದೆವು. ಯಾರೂ ಬಾಗಿಲವರೆಗೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಹದಿನೈದು ದಿನದ ಮೇಲೆ ಅಂಗಡಿಯವರ ಮಗಳು ಸಿಹಿಯ ಡಬ್ಬ ಹಿಡಿದು ಲ್ಯಾಬಿಗೆ ಬಂದಳು. ಮೇಡಂ ಎಲ್ಲಿ ಎಂದು ಕೇಳಿದಳು. "ರಜೆಯಲ್ಲಿದಾರೆ" ಎಂದರು ಮಾಲೀಕರು. ಡಬ್ಬವನ್ನು ತಾವೇ ತೆಗೆದುಕೊಂಡು, ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದರು. ಸಂಜೆ ಆ ಫೋಟೋ ಲ್ಯಾಬಿನ ಫೇಸ್‌ಬುಕ್ಕಿನಲ್ಲಿ ಬಂತು. ನಮ್ಮ ತಂಡದ ಎಚ್ಚರಿಕೆಯಿಂದ ಒಂದು ಜೀವ ಉಳಿಯಿತು ಎಂದು ಬರೆದಿದ್ದರು. ಡಬ್ಬದ ಮೈಸೂರುಪಾಕನ್ನು ನಮಗೆಲ್ಲ ಹಂಚಿದರು. ನನ್ನ ಪಾಲು ಟಿಶ್ಯೂ ಕಾಗದದಲ್ಲಿ ಸುತ್ತಿ ಲಾಕರಿನಲ್ಲಿಟ್ಟೆ. ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ. ಇರುವೆ ಮುತ್ತಿದ ಮೇಲೆ ಒರೆಸಿ ಹಾಕಿದೆ.

ಆಮೇಲೂ ನಾನು ಅಲ್ಲೇ ನಾಲ್ಕು ತಿಂಗಳು ಕೆಲಸ ಮಾಡಿದೆ.

ಮೇಡಂ ಮಲ್ಲೇಶ್ವರದಲ್ಲಿ ಒಂದು ಧರ್ಮಾರ್ಥ ಚಿಕಿತ್ಸಾಲಯಕ್ಕೆ ಸೇರಿದ್ದಾರೆ ಎಂದು ಆ ಚಾಮರಾಜಪೇಟೆಯ ಶಿಷ್ಯೆ ಹೇಳಿದಳು. ಹನುಮಂತನಗರದಿಂದ ಎರಡು ಬಸ್ಸು. ಗಂಡನಿಗೆ ಮಧ್ಯಾಹ್ನ ಊಟ ಮಾಡಿಸಲು ಪಕ್ಕದ ಮನೆಯವರನ್ನು ಗೊತ್ತುಮಾಡಿದ್ದರಂತೆ. ಒಂದು ಶನಿವಾರ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಇಳಿದು ಹುಡುಕಿಕೊಂಡು ಹೋದೆ. ಔಷಧ ಕೊಡುವ ಕಿಟಕಿಯ ಹಿಂದೆ ಒಂದು ಪುಟ್ಟ ಕೋಣೆ. ಒಂದೇ ಮೈಕ್ರೋಸ್ಕೋಪು. ಸಾಲಿನಲ್ಲಿದ್ದವರ ರಕ್ತ ತೆಗೆದು ಮುಗಿಸುವವರೆಗೂ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಮುಖ ಇನ್ನಷ್ಟು ಸಣ್ಣಗಾಗಿತ್ತು.

ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ. "ಮೇಡಂ, ಅವತ್ತು ಮೇಲ್ಗಡೆ ನಾನು..."

"ನೋಡಿದ್ದೆಯಲ್ವಾ ನೀನು?"

"ಹೂಂ."

"ಹಾಗಾದ್ರೆ ನೋಡಿದೀನಿ ಅಂತ ಹೇಳ್ಬೇಕಾಗಿತ್ತು. ಅಷ್ಟೇ."

ಪರವಾಗಿಲ್ಲ ಎನ್ನಲಿಲ್ಲ. ನಿನ್ನ ಕಷ್ಟ ನನಗೆ ಗೊತ್ತಮ್ಮ ಎನ್ನಲಿಲ್ಲ. ಕೋಪವನ್ನೂ ತೋರಿಸಲಿಲ್ಲ. ಫ್ಲಾಸ್ಕಿನಿಂದ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಮುಂದಿಟ್ಟರು. ಮದುವೆ ಯಾವಾಗ, ಹುಡುಗ ಏನು ಮಾಡುತ್ತಾನೆ ಎಂದು ವಿಚಾರಿಸಿದರು. ನಾನು ಉತ್ತರ ಹೇಳಿ ಎದ್ದು ಬಂದೆ. ಆ ದಿನ ಹದಿನೈದನೇ ಕ್ರಾಸಿನವರೆಗೂ ಸುಮ್ಮನೆ ನಡೆದೆ.

ಮುಂದಿನ ವಾರ ರಾಜೀನಾಮೆ ಬರೆದೆ. ಸಾಮಾನ್ಯವಾಗಿ "ವೈಯಕ್ತಿಕ ಕಾರಣಗಳಿಂದ" ಎಂದು ಬರೆಯುವ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದೆ. ಕಂಟ್ರೋಲ್ ನಿಲ್ಲಿಸಲು ಹೇಳಿದವರು ಯಾರು, ಫ್ರಿಜ್ಜಿನ ಲೈನ್ ಬದಲಾದದ್ದು ಯಾವತ್ತು, ಪರದೆಯ ಮೇಲೆ ಬಂದ ಸಂಖ್ಯೆ ಎಷ್ಟು. ಯಂತ್ರದ ಮುಂದೆ ನಾನೇ ಇದ್ದೆ, ಮೇಡಂ ಜೊತೆ ನಿಂತು ಅದನ್ನು ಕಣ್ಣಾರೆ ನೋಡಿದೆ, ಕೇಳಿದಾಗ ನೋಡಲಿಲ್ಲ ಎಂದು ಸುಳ್ಳು ಹೇಳಿದೆ, ಮೇಡಂ ಮಾಡಿದ್ದು ಸರಿ. ಎರಡು ಪುಟವಾಯಿತು. ಎರಡು ಪ್ರತಿ ಮಾಡಿಸಿದೆ. ಒಂದನ್ನು ಮೇಲಿನ ಕೋಣೆಯಲ್ಲಿ ಕೊಟ್ಟೆ. ಮಾಲೀಕರು ಮೊದಲ ಪುಟದ ಅರ್ಧ ಓದಿ ಪಕ್ಕಕ್ಕಿಟ್ಟು, "ಹೋಗಿ," ಎಂದರು. ಅದರಿಂದ ಅಲ್ಲಿ ಏನೂ ಬದಲಾಗಲಿಲ್ಲ. ಎರಡು ವರ್ಷದ ಮೇಲೆ ಲ್ಯಾಬು ತಾನಾಗಿಯೇ ಮುಚ್ಚಿತು. ಈಗ ಆ ಕಟ್ಟಡದಲ್ಲಿ ಸೀರೆ ಅಂಗಡಿ ಇದೆ. ಮೇಡಂ ಮಾತ್ರ ಕೊರೊನಾ ಕಾಲದಲ್ಲೂ, ಆಮೇಲೂ, ಹಾಸಿಗೆ ಹಿಡಿಯುವವರೆಗೂ ಮಲ್ಲೇಶ್ವರದ ಆ ಕೋಣೆಗೆ ಹೋಗಿ ಬರುತ್ತಿದ್ದರಂತೆ.

ಆ ಪತ್ರದ ಇನ್ನೊಂದು ಪ್ರತಿಯನ್ನು ರಾಜೀನಾಮೆ ಕೊಟ್ಟ ವಾರದ ಶನಿವಾರವೇ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟಿದ್ದೆ. ಕನ್ನಡಕ ಹಾಕಿಕೊಂಡು, ಸ್ಲೈಡು ನೋಡುವಷ್ಟೇ ನಿಧಾನವಾಗಿ ಓದಿದರು. ಎರಡನೆಯ ಪುಟಕ್ಕೆ ಹೋದವರು ಮತ್ತೆ ಮೊದಲನೆಯದಕ್ಕೆ ಬಂದರು.

"ಬುಧವಾರ ಅಂತ ಬರೆಯೋ ಕಡೆ ಮಂಗಳವಾರ ಅಂತ ಬರೆದಿದೀಯ," ಎಂದು ಪೆನ್ನು ತೆಗೆದು ತಿದ್ದಿದರು.

ಆಮೇಲೆ ಕಾಗದವನ್ನು ಮೊದಲಿದ್ದ ಗೆರೆಯಲ್ಲೇ ಮಡಚಿದರು. ಕಿಟಕಿಯಾಚೆ ಯಾರೋ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತಿದ್ದರು.

"ಇದನ್ನ ನಾನಿಟ್ಕೊಳ್ಲಾ?" ಎಂದು ಮೇಡಂ ಕೇಳಿದರು.

ನಾಲ್ಕು ವರ್ಷ ಅವರ ಪಕ್ಕದಲ್ಲಿ ಕೆಲಸ ಮಾಡಿದ್ದೆ. ಅವರು ತಮಗೆಂದು ಏನನ್ನಾದರೂ ಕೇಳಿದ್ದು ಅದೊಂದೇ ಸಲ.

"ನಿಮಗೇ ತಂದಿದ್ದು ಮೇಡಂ," ಎಂದೆ.